ಮೂರನೇ ಗಂಟು ಮತ್ತು ರಾಹುಕಾಲ

ಕುಮಾರಸ್ವಾಮಿ ಸುಳ್ಳು ಹೇಳುವ ಮನುಷ್ಯನಲ್ಲ, ದೇವರಾಣೆ. ಆದರೆ ಯಾರಾದರೂ ಎದುರಿಗೆ ನಿಂತು "ನಿಮ್ಮತ್ರ ಅದು ಐತಾ?" ಎಂದು ಕೇಳಿಬಿಟ್ಟರೆ, "ಇಲ್ಲ" ಎನ್ನುವ ಎರಡಕ್ಷರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಮಧುಗಿರಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೆಂಡತಿಯ ಹೆಸರಿನ 'ಮಂಜುಶ್ರೀ ಡಿಜಿಟಲ್ ಸ್ಟುಡಿಯೋ' ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಬಾಳಿದ್ದು ಈ ಒಂದು ಗುಣದಿಂದಲೇ. ಮೊದಲು "ಐತೆ" ಎನ್ನುವುದು, ಆಮೇಲೆ ಹುಡುಕಿಕೊಂಡು ಹೊರಡುವುದು.

ತಂಗಿ ಇಂದ್ರಮ್ಮನ ಮಗಳು ಲೋಹಿತಾಳ ನಿಶ್ಚಿತಾರ್ಥಕ್ಕೆ ಮಿಡಿಗೇಶಿಯ ಗಂಡಿನ ಮನೆಗೆ ಹೋದಾಗಲೂ ಹಾಗೇ ಆಯಿತು. ಹೋಳಿಗೆ ಊಟ ಮುಗಿಸಿ ಎಲೆಯಡಿಕೆ ಹಾಕುತ್ತಾ ಕೂತಿದ್ದಾಗ ಮದುವೆ ಗಂಡು ನವೀನ್ ಕುಮಾರ್ ನಾಚಿಕೊಂಡೇ ಕೇಳಿದ. "ಮಾವ, ಈಗೆಲ್ಲ ತಾಳಿ ಕಟ್ಟೋದನ್ನ ಸ್ಲೋ ಮೋಷನ್ನಾಗೆ ತೆಗೀತಾರಂತೆ. ನಿಮ್ಮತ್ರ ಆ ಕ್ಯಾಮೆರಾ ಐತಾ?"

"ಐತಾ ಅಂತ ಕೇಳ್ತೀಯಲ್ಲಪ್ಪಾ! ಒಂದು ಸೆಕೆಂಡಿಗೆ ಸಾವಿರ ಫೋಟೋ ಹಿಡೀತದೆ!" ಎಂದುಬಿಟ್ಟ ಕುಮಾರಸ್ವಾಮಿ. ಪಕ್ಕದಲ್ಲಿದ್ದ ಮಂಜುಶ್ರೀ ಗಂಡನ ತೊಡೆ ಚಿವುಟಿದಳು. ಅಷ್ಟರಲ್ಲಿ ಮಾತು ಹೊಸಲು ದಾಟಿತ್ತು.

ಗಂಡಿನ ಅಜ್ಜಿ ಚನ್ನಮಲ್ಲಮ್ಮ ಕಿವಿ ನೆಟ್ಟಗೆ ಮಾಡಿದಳು. ಎಂಬತ್ತರ ಹತ್ತಿರದ ಮುದುಕಿ, ಆ ಮನೆಯಲ್ಲಿ ಅವಳ ಮಾತು ಮೀರಿ ಹಾಲು ಕೂಡ ಉಕ್ಕುವಂತಿರಲಿಲ್ಲ. "ಒಂದು ಗಳಿಗೆಗೆ ಸಾವ್ರ ಫೋಟೋನಾ? ನಮ್ಮನೇಲಿ ಅಷ್ಟು ಗ್ವಾಡೆ ಇಲ್ಲವಲ್ಲಪ್ಪ," ಎಂದಳು.

ಮಾರನೇ ದಿನದಿಂದ ಹುಡುಕಾಟ ಶುರುವಾಯಿತು. ಬೆಂಗಳೂರಿನ ದೊಡ್ಡ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, "ಸರ್, ನಿಮ್ಮದು ರಿಸರ್ಚ್ ಲ್ಯಾಬಾ?" ಎಂದು ಕೇಳಿದರು. ಕುಮಾರಸ್ವಾಮಿ "ಹೂಂ" ಎಂದ. ಅವರು ಹೇಳಿದ ಬೆಲೆಗೆ ಮಧುಗಿರಿಯಲ್ಲಿ ಸೈಟು ತಗೊಂಡು, ಮೇಲೊಂದು ರೂಮು ಕಟ್ಟಿಸಬಹುದಿತ್ತು. "ಲ್ಯಾಬಿನವರನ್ನ ಕೇಳಿ ಹೇಳ್ತೀನಿ" ಎಂದು ಫೋನ್ ಇಟ್ಟ. ಆಮೇಲೆ ಮೊಬೈಲ್ ಅಂಗಡಿ. ಅಲ್ಲಿಯ ಹುಡುಗಿ ತೋರಿಸಿದ ಮೊಬೈಲು ಸೆಕೆಂಡಿಗೆ ಒಂಬೈನೂರು ಚಿತ್ರ ಎಂದು ಡಬ್ಬದ ಮೇಲೆ ಬರೆದುಕೊಂಡಿತ್ತು. ಆದರೆ ಅರ್ಧ ಸೆಕೆಂಡು ಹಿಡಿದು ಸುಸ್ತಾಗಿ ನಿಲ್ಲುತ್ತಿತ್ತು. ಅದರಲ್ಲೂ ಮುಕ್ಕಾಲು ಪಾಲು ಚಿತ್ರ ಅದು ಹಿಡಿದದ್ದಲ್ಲ, ನಡುನಡುವೆ ತಾನೇ ಊಹೆ ಮಾಡಿ ತುಂಬಿಸಿದ್ದು.

"ಇಲ್ಲದ್ದನ್ನ ಐತೆ ಅಂತ ತೋರಿಸ್ತದಾ?" ಎಂದಳು ಮಂಜುಶ್ರೀ. "ಅದಕ್ಕೆ ಮೊಬೈಲ್ ಯಾಕ್ರೀ, ನೀವೇ ಇದೀರಲ್ಲ."

ಕೊನೆಗೆ ಶಿರಾದಲ್ಲಿ ಹಳೇ ಕ್ಯಾಮೆರಾ ಮಾರುವ ಜಬೀವುಲ್ಲಾನ ಅಂಗಡಿಗೆ ಹೋದ. ಜಬೀವುಲ್ಲಾ ಒಳಗಿಂದ ಬಟ್ಟೆ ಸುತ್ತಿದ ಒಂದು ಕಪ್ಪು ಕ್ಯಾಮೆರಾ ತಂದು ಮಗು ಮಲಗಿಸುವಂತೆ ಮೇಜಿನ ಮೇಲೆ ಮಲಗಿಸಿದ. "ಇದು ಈಗ ಬರಾಕಿಲ್ಲ ಸ್ವಾಮಿ, ಕಂಪನಿ ಬಂದ್ ಮಾಡ್ಬುಡ್ತು. ಯಾಕೆ ಹೇಳಿ? ಜಾಸ್ತಿ ಚೆನ್ನಾಗಿತ್ತು!" ಎಂದ. ಸೆಕೆಂಡಿಗೆ ಸಾವಿರ ಚಿತ್ರಕ್ಕೆ ತಿರುಗಿಸಿದರೆ ಚಿತ್ರ ಜಡೆ ರಿಬ್ಬನ್ನಿನಷ್ಟು ಕಿರಿದಾಗುತ್ತಿತ್ತು, ಜಬೀವುಲ್ಲಾನ ಇಡೀ ಮುಖದಲ್ಲಿ ಮೀಸೆ ಮಾತ್ರ ಕಾಣುತ್ತಿತ್ತು. ಇನ್ನೂರ ನಲವತ್ತಕ್ಕೆ ಮುಖ ಪೂರ್ತಿ ಬರುತ್ತಿತ್ತು, ಆದರೆ ನಿಧಾನ ಸಾಲದು. ನಡುವೆ ನಾನೂರ ಎಂಬತ್ತು ಎಂದಿತ್ತು. ಹದಿನಾರು ಪಟ್ಟು ನಿಧಾನ, ಚಿತ್ರವೂ ಟೀವಿಯಲ್ಲಿ ನೋಡುವಂತಿತ್ತು.

"ಒಂದು ಮಾತು ನೆಪ್ಪಿರ್ಲಿ. ಸ್ಪೀಡ್ ಜಾಸ್ತಿ ಆದಂಗೆಲ್ಲ ರೋಶ್ನಿ ಜಾಸ್ತಿ ಬೇಕು. ಬೆಳಕು ಇಲ್ದಿದ್ರೆ ಬರೀ ಕತ್ಲೇನೇ ನಿಧಾನಕ್ಕೆ ಕಾಣ್ತದೆ," ಎಂದು ಜಬೀವುಲ್ಲಾ ಅಂಗಡಿ ಮುಂದಿನ ಬಿಸಿಲಿಗೆ ಬಂದು, ಒಂದು ಲೋಟದಿಂದ ಇನ್ನೊಂದಕ್ಕೆ ಚಹಾ ಎತ್ತಿ ಹೊಯ್ದ. ಕುಮಾರಸ್ವಾಮಿ ಹಿಡಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಪುಟ್ಟ ಪರದೆ ನೋಡಿದರು. ಚಹಾ ಬೀಳುತ್ತಿರಲಿಲ್ಲ, ಬರುತ್ತಿತ್ತು. ಕಂದು ಬಣ್ಣದ ಹಗ್ಗದಂತೆ ತಿರುಚಿಕೊಂಡು, ಅಲ್ಲಲ್ಲಿ ಹರಿದು, ಒಂದೊಂದು ಹನಿಯೂ ಮಣಿಯಾಗಿ, ಮಣಿಯೊಳಗೆ ಬೀದಿಯ ಬಿಸಿಲನ್ನು ಇಟ್ಟುಕೊಂಡು ಇಳಿಯುತ್ತಿತ್ತು. ಕುಮಾರಸ್ವಾಮಿಗೆ ಉಸಿರೇ ಮರೆತುಹೋಯಿತು. "ಅಲ್ಲ ಭಾಯ್, ನಲವತ್ತೆಂಟು ವರ್ಷದಿಂದ ಕುಡೀತಾ ಇದೀನಿ. ಚಾ ಇಂಗಿರ್ತದೆ ಅಂತ ಯಾರೂ ಹೇಳ್ಲೇ ಇಲ್ಲವಲ್ಲ," ಎಂದ. ಚೌಕಾಸಿ ಮಾಡುವುದನ್ನೂ ಮರೆತು ಕ್ಯಾಮೆರಾ ತಗೊಂಡು ಬಸ್ಸು ಹತ್ತಿದ.

ಮನೆಗೆ ಬಂದ ಹೊಸ ಸಾಮಾನು ಪೂಜೆಯಿಲ್ಲದೆ ಒಳಗೆ ಹೋಗುವುದುಂಟೆ? ಮಂಜುಶ್ರೀ ಕ್ಯಾಮೆರಾಕ್ಕೆ ಹಾರ ಹಾಕಿ, ಊದುಬತ್ತಿ ಬೆಳಗಿ, ಎಲ್ಲಿ ಹಣೆಯೆಂದು ತಿಳಿಯದೆ ಲೆನ್ಸಿಗೇ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟಳು. ಆ ಸಂಜೆ ತೆಗೆದದ್ದೆಲ್ಲ ಕೈಲಾಸದಲ್ಲಿ ತೆಗೆದಂತೆ ಬಂತು. ಒರೆಸಿ ಮತ್ತೆ ತೆಗೆದರೆ ಇನ್ನೊಂದು ಸೋಜಿಗ. ಟ್ಯೂಬ್‌ಲೈಟು ಪರದೆಯ ಮೇಲೆ ಪಕಪಕನೆ ಹತ್ತಿ ಆರುತ್ತಿತ್ತು. ಕುಮಾರಸ್ವಾಮಿ ಪಕ್ಕದ ಮನೆಯ ರಿಟೈರ್ಡ್ ಲೈನ್‌ಮನ್ ಚೌಡಯ್ಯನನ್ನು ಕರೆದು ತೋರಿಸಿದ. ಚೌಡಯ್ಯ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದ.

"ಸೆಕೆಂಡಿಗೆ ನೂರು ಸಲ ಹತ್ತಿ ಆರ್ತದೆ ಅಂತ ಟ್ರೈನಿಂಗ್ನಾಗೆ ಹೇಳಿದ್ರು ಕಣಪ್ಪ. ಹೊಟ್ಟೆಪಾಡಿಗೆ ಹೂಂ ಅಂದಿದ್ದೆ. ಮೂವತ್ನಾಲ್ಕು ವರ್ಷ ಕಂಬ ಹತ್ತಿ ಇಳಿದ್ನಲ್ಲ, ಕಣ್ಣಾರೆ ನೋಡಿದ್ದು ಇವತ್ತು," ಎಂದು ದೀಪಕ್ಕೆ ಕೈ ಮುಗಿದ. ಮದುವೆಗೆ ಪಕಪಕ ಎನ್ನದ ಹಳೇ ಕಾಲದ ಎರಡು ಹ್ಯಾಲೋಜನ್ ದೀಪ ಇಟ್ಟರೆ ಸರಿಹೋಗುತ್ತದೆಂದು ದಾರಿ ತೋರಿಸಿದವನೂ ಅವನೇ.

ಶುಕ್ರವಾರ ಮಧುಗಿರಿಯ ಛತ್ರದಲ್ಲಿ ಮದುವೆ. ಮುಹೂರ್ತ ಒಂಬತ್ತು ನಲವತ್ತೈದರಿಂದ ಹತ್ತು ಇಪ್ಪತ್ತೆಂಟರವರೆಗೆ. ಹತ್ತೂವರೆಗೆ ರಾಹುಕಾಲ. ಗಂಡಿನ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ಎಲ್ಲವೂ ತಡವಾಗಿತ್ತು. ಚನ್ನಮಲ್ಲಮ್ಮ ಮಂಟಪದ ಮುಂದೆ ಕೂತು, ಪಕ್ಕದಲ್ಲಿದ್ದ ತಮ್ಮ ಸಂಜೀವಯ್ಯನ ಮಣಿಕಟ್ಟನ್ನೇ ಹಿಡಿದುಕೊಂಡಿದ್ದಳು. ಸಂಜೀವಯ್ಯ ರಿಟೈರ್ಡ್ ರೆವಿನ್ಯೂ ಇನ್ಸ್‌ಪೆಕ್ಟರು. ಅವನ ಗಡಿಯಾರ ತಪ್ಪಿದ್ದು ಮಿಡಿಗೇಶಿಯ ಇತಿಹಾಸದಲ್ಲಿಲ್ಲ. ಸೋದರಮಾವನಾದ ಕುಮಾರಸ್ವಾಮಿ ಒಂದು ಕೈಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತಂದು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಎರಡು ಹ್ಯಾಲೋಜನ್ ದೀಪ ಹೊತ್ತಿಸಿದ. ಅಯ್ಯನವರು ಬೆವರಿನಲ್ಲಿ ತೊಯ್ದು ಮಂತ್ರ ಹೇಳಿದರು. ಗಟ್ಟಿಮೇಳ ಮೊಳಗಿತು. "ಹತ್ತು ಇಪ್ಪತ್ತಾರು!" ಎಂದು ಸಂಜೀವಯ್ಯ ಕೂಗಿದ. ಮೂವತ್ತು ಸೆಕೆಂಡಿನಲ್ಲಿ ಮೂರು ಗಂಟು ಬಿದ್ದು, ಅಕ್ಷತೆ ಬಿದ್ದು, ಎಲ್ಲರೂ ಊಟದ ಹಾಲಿನ ಕಡೆ ತಿರುಗಿದರು.

ಅಲ್ಲಿಗೆ ನಿಂತಿದ್ದರೆ ಈ ಕಥೆ ಯಾರಿಗೂ ಬೇಕಾಗಿರಲಿಲ್ಲ.

ಸಂಜೆ ಹೆಣ್ಣನ್ನು ಮನೆ ತುಂಬಿಸಲು ಮಿಡಿಗೇಶಿಗೆ ಹೋದರು. ಒಳಗೆ ಕರೆದುಕೊಳ್ಳುವ ಗಳಿಗೆ ಐದು ನಲವತ್ತಕ್ಕೆ, ಇವರು ತಲುಪಿದ್ದು ನಾಲ್ಕೂವರೆಗೆ. ಹೊಸಲ ಮೇಲೆ ಅಕ್ಕಿ ತುಂಬಿದ ಸೇರು ಕಾಯುತ್ತಿತ್ತು. ಎಲ್ಲರೂ ಮನೆ ಮುಂದಿನ ಚಪ್ಪರದಲ್ಲಿ ಕೂತರು. ಸುಮ್ಮನೆ ಕೂರುವುದು ಕುಮಾರಸ್ವಾಮಿಯ ಜಾತಕದಲ್ಲಿ ಬರೆದಿಲ್ಲ. ಟೀವಿಯನ್ನು ಜಗಲಿಗೆ ತರಿಸಿ, ಪೆನ್‌ಡ್ರೈವ್ ಚುಚ್ಚಿ, "ಈಗ ನೋಡಿ!" ಎಂದ.

ತಾಳಿ ಗಾಳಿಯಲ್ಲಿ ತೇಲಿ ಬಂತು. ಅರಿಶಿನದ ದಾರದ ಒಂದೊಂದು ಎಳೆಯೂ ಕಂಡಿತು. ಹೂವಿನ ಹಾರದಿಂದ ಒಂದು ದಳ ಕಳಚಿ, ಅವಸರವೇ ಇಲ್ಲದೆ ಹೊರಳಿ ಹೊರಳಿ ಇಳಿಯಿತು. ಅಯ್ಯನವರ ಹಣೆಯಿಂದ ಬೆವರ ಹನಿಯೊಂದು ಮೂಗಿನ ತುದಿಗೆ ಬಂದು, ಬೀಳಲೋ ಬೇಡವೋ ಎಂದು ಯೋಚಿಸಿತು. ಚಪ್ಪರದಲ್ಲಿ ಕಾಫಿ ಹಂಚುತ್ತಿದ್ದವಳು ತಟ್ಟೆ ಹಿಡಿದು ನಿಂತೇ ಬಿಟ್ಟಳು. ಬೀದಿಯಲ್ಲಿ ಹೋಗುತ್ತಿದ್ದವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. "ಶಿವ ಶಿವಾ! ನಾವೂ ಅಲ್ಲೇ ಇದ್ವಲ್ಲಾ, ನಮಗ್ಯಾಕೆ ಇದು ಕಾಣ್ಲಿಲ್ಲ?" ಎಂದು ಯಾರೋ ಮೆಲ್ಲಗೆ ಅಂದರು. ಕುಮಾರಸ್ವಾಮಿಯ ಎದೆ ಅಂಗಿಯ ಎರಡು ಗುಂಡಿ ಕೀಳುವಷ್ಟು ಉಬ್ಬಿತು.

ಮುಗಿದಾಗ ಸಂಜೀವಯ್ಯ ಗಡಿಯಾರದಿಂದ ಕಣ್ಣೆತ್ತಿದ.

"ಅಕ್ಕಾ, ಎಂಟು ನಿಮಿಷ."

"ಏನ್ಲಾ ಎಂಟು?"

"ತಾಳಿ ಕಟ್ಟೋಕೆ. ಶುರುವಾಗಿದ್ದು ಹತ್ತು ಇಪ್ಪತ್ತಾರಕ್ಕೆ, ನಾನೇ ಕೂಗಿದ್ದೆ. ಮೂರನೇ ಗಂಟು ಬಿದ್ದದ್ದು ಏಳನೇ ನಿಮಿಷಕ್ಕೆ. ಅಲ್ಲಿಗೆ ಹತ್ತು ಮೂವತ್ಮೂರು." ಅವನು ತಡೆದು ಹೇಳಿದ. "ರಾಹುಕಾಲ ಶುರುವಾಗಿ ಮೂರು ನಿಮಿಷ ಆಗಿತ್ತು."

ಚನ್ನಮಲ್ಲಮ್ಮ ಕಾಫಿ ಲೋಟ ಕೆಳಗಿಟ್ಟಳು. ಜನ ಮುಖ ಮುಖ ನೋಡಿಕೊಂಡರು. ಚನ್ನಮಲ್ಲಮ್ಮನ ಹಿರಿಮಗಳ ತಾಳಿ ರಾಹುಕಾಲಕ್ಕೆ ಸಿಕ್ಕಿತ್ತೆಂದೂ, ಎರಡೇ ವರ್ಷಕ್ಕೆ ಅಳಿಯ ತೀರಿಕೊಂಡನೆಂದೂ, ಮಗಳು ಅದೇ ಕೊರಗಿನಲ್ಲಿ ಹೋದಳೆಂದೂ ಊರಿಗೆಲ್ಲ ಗೊತ್ತಿತ್ತು. ಅಂದಿನಿಂದ ಆ ಮುದುಕಿ ರಾಹುಕಾಲದಲ್ಲಿ ಒಲೆಗೆ ಕಡ್ಡಿ ಗೀರಿದವಳಲ್ಲ.

"ಅಯ್ಯೋ, ಅದು ನಿಜವಾಗ್ಲೂ ಎಂಟು ನಿಮಿಷ ಅಲ್ಲ ಅಮ್ಮಾ! ಮೂವತ್ತೇ ಸೆಕೆಂಡು. ಕ್ಯಾಮೆರಾ ಅದನ್ನ ನಿಧಾನ ಮಾಡಿ ತೋರಿಸ್ತದೆ!" ಎಂದು ಕುಮಾರಸ್ವಾಮಿ ಕುರ್ಚಿಯಿಂದ ಜಿಗಿದ.

ಸಂಜೀವಯ್ಯ ಸರ್ಕಾರಿ ಗಾಂಭೀರ್ಯದಿಂದ ಕೈ ಎತ್ತಿದ. "ಬೀಗ್ರೇ, ಟೀವೀಲಿ ಕಂಡದ್ದು ನಡೆದದ್ದೋ, ಅಲ್ವೋ? ಅಷ್ಟು ಹೇಳಿ."

"ನಡೆದದ್ದೇ, ಆದರೆ..."

"ಆದರೆ ಗೀದರೆ ಇಲ್ಲ. ನಡೆದದ್ದೇ ಅಂತ ಒಪ್ಪಿಕೊಂಡ್ರು, ಎಲ್ರೂ ಕೇಳುಸ್ಕಳಿ." ಜೇಬಿನಿಂದ ಪೆನ್ನು ತೆಗೆದು, ಲಗ್ನಪತ್ರಿಕೆಯ ಬೆನ್ನಿಗೆ ಮಹಜರು ಬರೆಯಲು ಕೂತ. ಮೂವತ್ತೈದು ವರ್ಷ ಹೊಲಗಳ ಹದ್ದುಬಸ್ತಿಗೆ ಮಹಜರು ಬರೆದ ಕೈ ಅದು. 'ಈ ದಿವಸ ಪಂಚರ ಸಮಕ್ಷಮ ಟೀವಿ ಪರಿಶೀಲಿಸಲಾಗಿ, ಒಂದನೇ ಗಂಟು ಹತ್ತು ಇಪ್ಪತ್ತೆಂಟು, ಎರಡನೇ ಗಂಟು ಹತ್ತು ಮೂವತ್ತು, ಮೂರನೇ ಗಂಟು ಹತ್ತು ಮೂವತ್ಮೂರು ಎಂದು ಕಂಡುಬಂದಿರುತ್ತದೆ.' ಸೈಕಲ್ ನಿಲ್ಲಿಸಿ ಬಂದವರಿಬ್ಬರೂ ಸಾಕ್ಷಿ ಎಂದು ರುಜು ಹಾಕಿದರು. ಅವರಿಗೆ ಮದುವೆಗೆ ಕರೆಯೇ ಇರಲಿಲ್ಲ.

ಅಯ್ಯನವರಿಗೆ ಫೋನ್ ಹೋಯಿತು. ಅವರು ಚನ್ನರಾಯನದುರ್ಗದ ದಾರಿಯಲ್ಲಿ, ಇನ್ನೊಂದು ಮದುವೆಗೆ ಹೋಗುವ ಬಸ್ಸಿನಲ್ಲಿದ್ದರು. "ನಾನು ಕಣ್ಣು ಮುಚ್ಚಿ ಮಂತ್ರ ಹೇಳ್ತಿದ್ದೆ ಕಣಪ್ಪ. ಆ ದೀಪದ ಶಾಖಕ್ಕೆ ನಂಗಂತೂ ಒಂದು ಯುಗ ಆದಂಗಿತ್ತು," ಎಂದರು. ಇದನ್ನೂ ಮಹಜರಿಗೆ ಸೇರಿಸಲಾಯಿತು.

ಕುಮಾರಸ್ವಾಮಿ ಬೆವತುಹೋದ. ಇನ್ನು ಪ್ರಯೋಗ ಮಾಡಿಯೇ ತೋರಿಸುತ್ತೇನೆಂದು ಒಳಗಿನ ಗೋಡೆ ಗಡಿಯಾರ ಬಿಚ್ಚಿ ತರಿಸಿ, ಬಿಸಿಲಿಗೆ ಹಿಡಿಸಿ, ಸೆಕೆಂಡಿನ ಮುಳ್ಳನ್ನು ಚಿತ್ರಿಸಿ ಟೀವಿಗೆ ಹಾಕಿದ. ಮುಳ್ಳು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ತಲುಪಲು ಹದಿನಾರು ಎಣಿಸುವಷ್ಟು ಹೊತ್ತು ಹಿಡಿಯಿತು. "ನೋಡಿದ್ರಾ? ನಿಜವಾಗಿ ಆಗಿದ್ದು ಒಂದೇ ಸೆಕೆಂಡು!" ಎಂದು ಗೆದ್ದವನಂತೆ ತಿರುಗಿದ.

"ಗಡಿಯಾರನೂ ನಿಲ್ಸಿಬುಟ್ಟನಲ್ಲವ್ವಾ!" ಎಂದು ಹೆಂಗಸೊಬ್ಬಳು ಕಂಕುಳ ಕೂಸನ್ನು ಕ್ಯಾಮೆರಾದ ಎದುರಿನಿಂದ ಸರಿಸಿ ಸೆರಗು ಮುಚ್ಚಿದಳು. "ಸುಮ್ನಿರು, ಕೂಸಿನ ಬೆಳವಣಿಗೆ ನಿಂತ್ಹೋದಾತು," ಎಂದಳು ಮತ್ತೊಬ್ಬಳು. ಮುಂದಿನ ಸಾಲಿನ ಕುರ್ಚಿಗಳು ತಾವಾಗಿಯೇ ಎಂಬಂತೆ ಹಿಂದಕ್ಕೆ ಸರಿದವು.

ಚನ್ನಮಲ್ಲಮ್ಮ ಎದ್ದು ನಿಂತಳು. "ನೋಡಿ ಬೀಗ್ರೇ, ನಂಗೆ ಯಾರ ಮ್ಯಾಲೂ ಸಿಟ್ಟಿಲ್ಲ. ಒಂದು ಮಗೀನ ಕಳ್ಕಂಡಿದೀನಿ, ಇನ್ನೊಂದನ್ನ ಕಳ್ಕಳೋ ಸಕ್ತಿ ಇಲ್ಲ. ಹೆಣ್ಣನ್ನ ಕರ್ಕಂಡೋಗಿ. ಆಷಾಢ ಕಳೀಲಿ, ಶಾಂತಿ ಮಾಡ್ಸಿ ತುಂಬಿಸ್ಕಂತೀವಿ."

ಇಂದ್ರಮ್ಮ ಗೊಳೋ ಎಂದಳು. "ಅಯ್ಯೋ ಅಣ್ಣಾ, ಮದುವೆ ದಿನಾನೇ ಮಗಳು ಹೊಸಲಿಂದ ವಾಪಸ್ ಬಂದ್ರೆ ಊರು ಏನಂತದೆ? ನಿನ್ ಕ್ಯಾಮೆರಾಕ್ಕೆ ಬೆಂಕಿ ಹಾಕ!" ನವೀನ್ ಕುಮಾರ್ ಬಾಸಿಂಗದ ಗುರುತು ಹಣೆಯಲ್ಲಿಟ್ಟುಕೊಂಡು ಅಜ್ಜಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡುತ್ತಾ ನಿಂತ. ಕುಮಾರಸ್ವಾಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎತ್ತಿ ಆಡಿಸಿದ ಸೊಸೆ, ತಾನೇ ಕೈ ಹಿಡಿದು ಮಂಟಪಕ್ಕೆ ತಂದ ಹುಡುಗಿ, ತನ್ನ ಒಂದು ಜಂಬದಿಂದ ಬೀದಿಯಲ್ಲಿ ನಿಂತಿದ್ದಳು. "ಅಮ್ಮಾ, ನನ್ನತ್ರ ಈ ಕ್ಯಾಮೆರಾನೇ ಇರ್ಲಿಲ್ಲ. ಐತೆ ಅಂತ ಸುಳ್ಳು ಹೇಳಿದ್ದೆ. ಏನಿದ್ರೂ ನನ್ನ ತಲೆ ಮೇಲೆ ಹಾಕಿ, ಹುಡುಗಿ ಮೇಲೆ ಬೇಡ," ಎಂದ. ಜೀವಮಾನದಲ್ಲಿ ಮೊದಲ ಸಲ ಅಂಥ ಮಾತು ಬಂದದ್ದಕ್ಕೆ ಮಂಜುಶ್ರೀಗೂ ಕಣ್ಣು ತುಂಬಿತು.

ಲೋಹಿತಾ ಆವರೆಗೆ ತಲೆ ತಗ್ಗಿಸಿಯೇ ಇದ್ದಳು. ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ, ಮದುಮಗಳು ಮಾತಾಡಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ಈಗ ಮೆಲ್ಲಗೆ ಕೇಳಿದಳು. "ಅಜ್ಜೀ, ತಾಳಿ ಅಷ್ಟು ನಿಧಾನಕ್ಕೆ ಬಂತು ಅಂದ್ರೆ, ಆ ಹೊತ್ತಲ್ಲಿ ರಾಹುನೂ ಅಷ್ಟೇ ನಿಧಾನಕ್ಕೆ ಬಂದಿರಬೇಕಲ್ವಾ? ನಮ್ಮನ್ನೆಲ್ಲ ನಡೆಸ್ಕೊಂಡು ಅವನೊಬ್ಬ ಮಾತ್ರ ಮೋಟಾರ್ ಬೈಕಲ್ಲಿ ಬಂದ್ನಾ?"

ಸಂಜೀವಯ್ಯನ ಪೆನ್ನು ನಿಂತಿತು. ಬೆರಳು ಮಡಚಿ ಲೆಕ್ಕ ಹಾಕಿದ. ಮತ್ತೆ ಮಡಚಿದ. "ಅಕ್ಕಾ, ಇದು... ಕಾನೂನು ಪ್ರಕಾರ ಸರಿ ಐತೆ," ಎಂದು ಮೂರನೇ ಗಂಟಿನ ಸಾಲಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ರುಜು ಹಾಕಿದ.

ಮುದುಕಿ ಕರಗಲಿಲ್ಲ. "ಮಾತು ಚೆಂದಾಗೈತೆ ಕಣಮ್ಮ. ನನ್ನ ಮಗಳ ಮದುವೇಲೂ ಮಾತು ಚೆಂದಾಗೇ ಇದ್ದೋ. ಇನ್ನೊಂದ್ಸಲ ಹಾಕಪ್ಪ ಅದುನ್ನ. ಆ ಗಂಟು ನನ್ ಕಣ್ಣಾಗೇ ನೋಡ್ತೀನಿ." ಸ್ಟೂಲು ಎಳೆಸಿಕೊಂಡು ಟೀವಿಗೆ ಒಂದು ಮೊಳ ದೂರದಲ್ಲಿ ಕೂತಳು.

ಮತ್ತೆ ತಾಳಿ ತೇಲಿ ಬಂತು. ಮೊದಲ ಗಂಟು. ಎರಡನೇ ಗಂಟು. ಮೂರನೆಯದಕ್ಕೆ ಬಂದಾಗ ನವೀನನ ಬೆರಳು ನಡುಗಿ ದಾರದ ತುದಿ ಜಾರಿತು. ಹಾರದ ಕೆಳಗಿನಿಂದ ಲೋಹಿತಾಳ ಕೈ ಹಿಂದಕ್ಕೆ ಬಂದು, ಯಾರಿಗೂ ಕಾಣದಂತೆ ಆ ತುದಿಯನ್ನು ಹಿಡಿದು ಅವನ ಬೆರಳಿಗೆ ಕೊಟ್ಟಿತು. ನಡುಕ ನಿಂತಿತು, ಗಂಟು ಬಿತ್ತು. ಮಂಟಪದಲ್ಲಿದ್ದ ಆರುನೂರು ಜನರಲ್ಲಿ ಒಬ್ಬರೂ ಕಂಡಿರದಿದ್ದ ಕೈ ಅದು. ಚಪ್ಪರದಲ್ಲಿ ಯಾರೋ ಮೂಗೆಳೆದರು.

ಆಮೇಲೆ ಅಕ್ಷತೆ. ಹಳದಿ ಕಾಳುಗಳು ಒಂದೊಂದಾಗಿ ಎದ್ದು, ಹ್ಯಾಲೋಜನ್ ಬೆಳಕಿನಲ್ಲಿ ತಿರುಗುತ್ತಾ, ಮೇಲೇ ನಿಂತುಬಿಟ್ಟವು. ಆ ಕಾಳುಗಳ ಹಿಂದೆ ಒಂದು ಮುಖ ಕಂಡಿತು. ಮುಪ್ಪಿನ ಮುಖ. ಎತ್ತಿದ ಬಲಗೈ, ಮೆಲ್ಲಗೆ ಅಲುಗುವ ತುಟಿ, ಎರಡೂ ಕೆನ್ನೆಯ ಸುಕ್ಕಿನಲ್ಲಿ ದಾರಿ ಹುಡುಕಿಕೊಂಡು ಇಳಿಯುತ್ತಿದ್ದ ನೀರು.

"ಅಜ್ಜೀ, ನೀನು ಅತ್ತಿದ್ದಾ?" ಎಂದ ನವೀನ. ಮಗಳು ತೀರಿಕೊಂಡ ಮೇಲೆ ಅವಳು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. "ಏನೋ ಹೇಳ್ತಾ ಇದೀಯ. ಏನದು?"

ಚನ್ನಮಲ್ಲಮ್ಮ ತನ್ನ ಮುಖವನ್ನೇ ತಾನು, ಯಾರೋ ದೂರದ ನಂಟರನ್ನು ಗುರುತು ಹಿಡಿಯುವವಳಂತೆ, ನೋಡುತ್ತಿದ್ದಳು. ಆಮೇಲೆ ಹೇಳಿದಳು. "ನನ್ ಆಯಸ್ಸೂ ಇವಕ್ಕೇ ಇರ್ಲಿ ಶಿವನೇ ಅಂದೆ ಕಣ್ಲಾ. ಅಂದಿದ್ದೇ ಮರ್ತೋಗಿತ್ತು."

ಸಂಜೀವಯ್ಯ ಅಭ್ಯಾಸಬಲದಿಂದ ಪೆನ್ನು ಎತ್ತಿದ. "ಅಕ್ಕಾ, ಇದು ಎಷ್ಟನೇ ನಿಮಿಷ ಅಂತ ಬರಕಳ್ಲಿ?"

"ಬರ್ದಿದ್ದನ್ನ ಒಲೆಗಾಕು ಹೋಗು," ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. "ಬೇಡಿಕಂಡೋಳು ನಾನೇ, ಬಾಗ್ಲು ಹಾಕೋಳೂ ನಾನೇ ಆಗ್ಲಾ? ಬಾರವ್ವ, ಸೇರು ಒದ್ದು ಒಳಿಕ್ಕೆ ಬಾ."

"ಗಳಿಗೆ ಐದು ನಲವತ್ತಕ್ಕೇ ಹೋಯ್ತಲ್ಲಮ್ಮಾ," ಎಂದಳು ಇಂದ್ರಮ್ಮ ಅಳುನಗೆಯಲ್ಲಿ. "ಈಗ ಆರು ಹೊಡೀತು."

"ಹೋದ್ರೆ ಹೋಗ್ಲಿ ಬುಡು. ಲೇ ಕುಮಾರಪ್ಪ, ಎಲ್ಲೋಯ್ತು ನಿನ್ ಕ್ಯಾಮೆರಾ? ಬೆಳಕು ಇರುವಾಗ್ಲೇ ಇದುನ್ನೂ ಹಿಡಿ."

ಲೋಹಿತಾ ಬಲಗಾಲಿನಿಂದ ಸೇರು ಒದ್ದಳು. ಅಕ್ಕಿ ಚೆಲ್ಲಿತು. ಕುಮಾರಸ್ವಾಮಿ ಅದನ್ನು ಹಿಡಿದು, ಚಿತ್ರ ನಿಧಾನಕ್ಕೆ ಓಡಲು ಬಿಟ್ಟು, ಕ್ಯಾಮೆರಾವನ್ನು ಮುದುಕಿಯ ಕೈಗೇ ಕೊಟ್ಟ. ಅವಳು ಹೊಸಲ ಮೇಲೆ ಅಡ್ಡಲಾಗಿ ಕೂತು, ಪುಟ್ಟ ಪರದೆಯನ್ನು ಮೂಗಿಗೆ ಹಿಡಿದು, ಬಾಯಿ ತೆರೆದು ನೋಡತೊಡಗಿದಳು. ಹೆಣ್ಣು, ಗಂಡು, ಬೀಗರು, ಆರತಿ ತಟ್ಟೆ ಹಿಡಿದವರು, ರುಜು ಹಾಕಿದ ಸಾಕ್ಷಿಗಳು, ಎಲ್ಲರೂ ಆಚೆ ಸಾಲಾಗಿ ನಿಂತರು.

"ಅಜ್ಜೀ, ಒಳಗೆ ಬರ್ಲಾ?" ಎಂದಳು ಲೋಹಿತಾ, ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ.

"ಒಂಚೂರು ಇರವ್ವ," ಎಂದಳು ಚನ್ನಮಲ್ಲಮ್ಮ, ಕಣ್ಣು ಕೀಳದೆ. "ಅಕ್ಕಿ ಇನ್ನೂ ನೆಲಕ್ಕೆ ಬಿದ್ದಿಲ್ಲ."